ಊದಿಸುವವಳ ದನಿ

ಉಸಿರು ಅಳೆಯುವ ಯಂತ್ರವನ್ನು ನಂಬುವ ಮೊದಲು ದಿನಾ ಬೆಳಿಗ್ಗೆ ಅದನ್ನೇ ಪರೀಕ್ಷೆ ಮಾಡಬೇಕು. ಸರಿಯಾಗಿ ಮೂರು ಲೀಟರ್ ಗಾಳಿ ಹಿಡಿಯುವ ಒಂದು ದೊಡ್ಡ ಸಿರಿಂಜು ಇರುತ್ತದೆ, ತೋಳಿನಷ್ಟು ದಪ್ಪ. ಅದನ್ನು ಯಂತ್ರದ ಬಾಯಿಗೆ ಸಿಕ್ಕಿಸಿ ಒಮ್ಮೆ ನಿಧಾನವಾಗಿ, ಒಮ್ಮೆ ಹದವಾಗಿ, ಒಮ್ಮೆ ಜೋರಾಗಿ ತಳ್ಳಬೇಕು. ಹೇಗೆ ತಳ್ಳಿದರೂ ಯಂತ್ರ ಮೂರು ಲೀಟರ್ ಎಂದೇ ತೋರಿಸಬೇಕು. ಇಲ್ಲದಿದ್ದರೆ ಅಂದು ಯಾರನ್ನೂ ಊದಿಸುವಂತಿಲ್ಲ. ಈ ಕೆಲಸ ಕಲಿಯುವಾಗ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆ ಸಿರಿಂಜು. ಅದಕ್ಕೆ ಯಾರ ಮೇಲೂ ಪ್ರೀತಿಯಿಲ್ಲ, ಯಾರನ್ನು ಕಂಡರೂ ಹೊಟ್ಟೆ ಉರಿಯುವುದಿಲ್ಲ.

ಅದಕ್ಕೂ ಮೊದಲು ನಾನು ಶಿಡ್ಲಘಟ್ಟದಲ್ಲಿ ಒಂದು ರೇಷ್ಮೆ ಬಿಚ್ಚುವ ಘಟಕದಲ್ಲಿದ್ದೆ. ಬಿಸಿನೀರಿನ ಬೇಸಿನ್ ಮುಂದೆ ಕೂತು, ಬೆಂದ ಗೂಡುಗಳಿಂದ ಎಳೆ ಹುಡುಕಿ ಯಂತ್ರಕ್ಕೆ ಕೊಡುವ ಕೆಲಸ. ಕೊರೊನಾ ಎರಡನೇ ಸಲ ಬಂದಾಗ ನನ್ನ ಗಂಡ ಹೋದರು. ಆ ಘಟಕ ಮುಚ್ಚಿತು, ಮತ್ತೆ ತೆರೆಯಲಿಲ್ಲ. ಮನೆಯಲ್ಲಿ ನಾನು, ಅತ್ತೆ ಇಬ್ಬರೇ ಉಳಿದೆವು. ಸ್ವಲ್ಪ ಕಾಲದ ಮೇಲೆ ಒಂದು ಸಂಸ್ಥೆಯವರು ಚಿಕ್ಕಬಳ್ಳಾಪುರದಲ್ಲಿ, ನನ್ನಂತೆ ಗಂಡನನ್ನು ಕಳೆದುಕೊಂಡು ಹತ್ತನೇ ತರಗತಿಯಾದರೂ ಪಾಸಾದ ಹೆಂಗಸರಿಗೆ ಆಸ್ಪತ್ರೆ ಕೆಲಸ ಕಲಿಸುತ್ತಾರೆಂದು ತಿಳಿಯಿತು. ಹೋಗಿ ಸೇರಿದೆ. ನನಗೆ ಕೊಟ್ಟದ್ದು ಈ ಊದಿಸುವ ಕೆಲಸ.

ನಾನು ಹೇಳಬೇಕಿರುವುದು ಆ ಕೆಲಸದ ಮೊದಲ ಎರಡು ತಿಂಗಳಲ್ಲಿ ನಡೆದದ್ದು.

ಘಟಕದಲ್ಲಿ ಎಂಟು ವರ್ಷ ನನ್ನ ಪಕ್ಕದ ಬೇಸಿನ್‌ನಲ್ಲಿ ಒಬ್ಬಳಿದ್ದಳು. ಮನೆಯೂ ಪಕ್ಕದ್ದೇ, ನಡುವೆ ಒಂದೇ ಗೋಡೆ. ನನಗಿಂತ ಐದಾರು ವರ್ಷ ಚಿಕ್ಕವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಇಬ್ಬರ ಗಂಡಂದಿರಿಗೂ ಒಂದೇ ವಾರದಲ್ಲಿ ಜ್ವರ ಬಂತು. ಆಂಬುಲೆನ್ಸ್ ಸಿಗಲಿಲ್ಲ. ಗೂಡು ಸಾಗಿಸುವ ಗೂಡ್ಸ್ ಆಟೋ ಒಂದರಲ್ಲಿ ಇಬ್ಬರನ್ನೂ ಕೂರಿಸಿ ಕರೆದುಕೊಂಡು ಹೋದೆವು. ಅವಳ ಗಂಡನಿಗೆ ವಾಂತಿ ಬರುವ ಹಾಗಾಗುತ್ತಿತ್ತು. ನಮ್ಮವರು, “ನೀನು ಈ ಕಡೆ ಕೂತ್ಕೊಳಪ್ಪ, ಗಾಳಿ ಬರುತ್ತೆ” ಎಂದು ಬಾಗಿಲ ಹತ್ತಿರದ ತಮ್ಮ ಜಾಗ ಬಿಟ್ಟುಕೊಟ್ಟರು. ಆಸ್ಪತ್ರೆಯ ಮುಂದೆ ಬಾಗಿಲ ಹತ್ತಿರ ಇದ್ದವರು ಮೊದಲು ಇಳಿದರು. ಮೊದಲು ಇಳಿದವರ ಹೆಸರನ್ನು ಮೊದಲು ಬರೆದುಕೊಂಡರು. ಆಗ ಖಾಲಿ ಇದ್ದದ್ದು ಆಕ್ಸಿಜನ್ ಇರುವ ಒಂದೇ ಹಾಸಿಗೆ. ಎರಡನೆಯದು ಖಾಲಿಯಾದಾಗ ನಮಗೆ ಅದು ಬೇಕಾಗಿರಲಿಲ್ಲ.

ಯಾರ ತಪ್ಪೂ ಅಲ್ಲ. ಯಾರದಾದರೂ ತಪ್ಪಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳ ಗಂಡ ಇಪ್ಪತ್ತೆರಡು ದಿನಕ್ಕೆ ಮನೆಗೆ ಬಂದರು. ಬಂದ ಮೇಲೆ ಕೆಮ್ಮು ಹೋಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಗೋಡೆಯಾಚೆ ಅವರ ಕೆಮ್ಮು ಕೇಳುತ್ತಿತ್ತು. ಆಮೇಲೆ ಅವಳು ಬೈಯುವುದು, ಲೋಟ ಕುಕ್ಕುವುದು, ಮತ್ತೆ ಬೈಯುವುದು. ನೀರು ಹಿಡಿಯುವಾಗ ಸಿಕ್ಕರೆ, “ಇವ್ರ ಕೆಮ್ಮಿಗೆ ಒಲೆ ಮೇಲಿನ್ ಹಾಲು ಒಡೆದೋಗುತ್ತೆ ಕಣಕ್ಕಾ. ನಿಮಗೂ ನಿದ್ದೆ ಇಲ್ಲ, ನಮಗೂ ಇಲ್ಲ” ಎನ್ನುತ್ತಿದ್ದಳು. ನಾನು ಹೌದು ಎಂದು ಬಿಂದಿಗೆ ಎತ್ತಿಕೊಂಡು ಬರುತ್ತಿದ್ದೆ. ಅವಳಿಗೆ ಬೇಸರ ತರಿಸುತ್ತಿದ್ದ ಆ ಸದ್ದಿಗೆ ನಾನು ಕಿವಿಗೊಟ್ಟು ಕೂತಿರುತ್ತಿದ್ದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವರ ಮನೆಯ ಹಗ್ಗದ ಮೇಲೆ ಒಣಗುವ ಬನಿಯನ್ನನ್ನೂ ನಾನು ದಿನಾ ನಿಂತು ನೋಡುತ್ತಿದ್ದೆ.

ತರಬೇತಿ ಮುಗಿಯುವ ಹೊತ್ತಿಗೆ ಚಿಂತಾಮಣಿ ರಸ್ತೆಯಲ್ಲಿ ರೇಷ್ಮೆ ಬಿಚ್ಚುವ ಹೊಸ ಆಟೋಮ್ಯಾಟಿಕ್ ಘಟಕ ಶುರುವಾಗುತ್ತಿತ್ತು. ತಿಂಗಳ ಸಂಬಳ, ಪಿಎಫ್, ಇಎಸ್ಐ. ಮುಚ್ಚಿಹೋದ ಹಳೆಯ ಘಟಕಗಳ ಕೆಲಸಗಾರರನ್ನೇ ತೆಗೆದುಕೊಂಡು ಮೂರು ತಿಂಗಳು ಕಲಿಸುತ್ತೇವೆಂದರು. ಆದರೆ ಮೊದಲು ಊರೂರಲ್ಲಿ ಶಿಬಿರ ಹಾಕಿ ಎಲ್ಲರ ಉಸಿರು ಅಳೆಯಬೇಕು, ಅದನ್ನು ನಮ್ಮ ಸಂಸ್ಥೆಗೆ ವಹಿಸಿದರು. ಗೂಡು ಬೇಯಿಸುವ ಕೋಣೆ ಮುಚ್ಚಿದ್ದು, ಅಲ್ಲಿ ಹಬೆ ಹೆಚ್ಚು. ಅಲ್ಲಿಗೆ, ಇಷ್ಟು ಉಸಿರಾದರೂ ಇರಬೇಕು ಎಂದು ಒಂದು ಗೆರೆ. ನೂಲು ಸುತ್ತಿ ತೂಕ ಮಾಡಿ ಕಟ್ಟುವ ಒಣ ವಿಭಾಗಕ್ಕೆ ಅದಕ್ಕಿಂತ ಕೆಳಗಿನ ಇನ್ನೊಂದು ಗೆರೆ. ಅದಕ್ಕೂ ಕೆಳಗಿದ್ದವರಿಗೆ ಕೆಲಸವಿಲ್ಲ, ಚಿಕಿತ್ಸೆ ಮಾತ್ರ. ಕಾಯಿಲೆ ಯಾರ ಉಸಿರು ಕಿತ್ತುಕೊಂಡಿತ್ತೋ ಕೆಲಸವೂ ಅವರನ್ನೇ ಬೇಡ ಎನ್ನುವ ಹಾಗಿತ್ತು. ಗೆರೆ ಹಾಕಿದವರು ಬೇರೆ, ಅಳೆಯುವವಳು ನಾನು.

ಅಳೆಯುವುದು ಹೀಗೆ. ಚಪ್ಪಲಿ ಬಿಡಿಸಿ ಎತ್ತರ ನೋಡಬೇಕು, ಯಾಕೆಂದರೆ ಎತ್ತರಕ್ಕೆ ತಕ್ಕ ಉಸಿರು. ನೆಟ್ಟಗೆ ಕೂರಿಸಿ, ಮೂಗಿಗೆ ಕ್ಲಿಪ್ ಹಾಕಿ, ಕೊಳವೆಯನ್ನು ಬಾಯಿಗೆ ಕೊಡಬೇಕು. ಪೂರ್ತಿ ಉಸಿರು ಎಳೆದುಕೊಂಡು ಒಂದೇ ಏಟಿಗೆ ಹೊರಗೆ ಬಿಡಬೇಕು, ಆರು ಸೆಕೆಂಡಾದರೂ ನಿಲ್ಲಿಸದೆ. ಮೂರು ಸಲ ಸರಿಯಾಗಿ ಬರಬೇಕು. ಮಧ್ಯೆ ಕೆಮ್ಮಿದರೆ ಅದು ಲೆಕ್ಕಕ್ಕಿಲ್ಲ. ಎಂಟು ಸಲಕ್ಕಿಂತ ಹೆಚ್ಚು ಊದಿಸಬಾರದು, ತಲೆ ಸುತ್ತುತ್ತದೆ.

ಮೊದಲ ಶಿಬಿರದಲ್ಲೇ ತೊಂದರೆ ಬಂತು. ಬೆಂಗಳೂರಿನಿಂದ ಬಂದಿದ್ದ ತರಬೇತಿ ಮೇಷ್ಟ್ರು, “ಹುಟ್ಟುಹಬ್ಬದ ಕೇಕಿನ ಮೇಲೆ ಕ್ಯಾಂಡಲ್ ಇರುತ್ತಲ್ಲ, ಅದನ್ನ ಊದಿ ಆರಿಸಿದ ಹಾಗೆ” ಎಂದು ಹೇಳಿಕೊಟ್ಟಿದ್ದರು. ನಾನು ಅದನ್ನೇ ಒಪ್ಪಿಸಿದೆ. ಸಾಲಿನಲ್ಲಿ ಮೊದಲು ಕೂತಿದ್ದ ಅಜ್ಜಿ ಕೊಳವೆ ಬಾಯಿಂದ ತೆಗೆದು ನನ್ನನ್ನೇ ದಿಟ್ಟಿಸಿದರು.

“ದೀಪ ಊದಿ ಆರಿಸ್ಬಾರ್ದು ಕಣಮ್ಮ. ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?”

“ದೀಪ ಅಲ್ಲಜ್ಜಿ, ಹಾಗೆ ಅಂದ್ಕೊಂಡು ಊದಿ ಅಷ್ಟೆ.”

“ಅಂದ್ಕೊಳ್ಳದ್ಯಾಕೆ ಕೆಟ್ಟದ್ನ?”

ಸರಿ, ಒಲೆ ಊದುವ ಹಾಗೆ ಎಂದೆ. ಅದು ಇನ್ನೂ ಕೆಟ್ಟಿತು. ಎಲ್ಲರೂ ಊದುಗೊಳವೆಯಲ್ಲಿ ಬೆಂಕಿ ಹೊತ್ತಿಸಿದವರೇ. ಕೆನ್ನೆ ಉಬ್ಬಿಸಿ ಫೂ, ಫೂ, ಫೂ ಎಂದು ತುಣುಕು ತುಣುಕಾಗಿ ಊದಿದರು. ಯಂತ್ರದ ಪರದೆಯ ಮೇಲೆ ಉಸಿರಿನ ಚಿತ್ರ ಒಂದು ಬೆಟ್ಟದ ಹಾಗೆ ಬರಬೇಕಾದಲ್ಲಿ ಇರುವೆ ಸಾಲು ಬಂತು. ಅರ್ಧ ದಿನ ಹಾಳಾಯಿತು. ಕೊನೆಗೆ ನನಗೇ ಹೊಳೆದು, “ಸೈಕಲ್ ಟ್ಯೂಬು ಢಂ ಅಂತ ಒಡೆದ ಹಾಗೆ, ಆಮೇಲೆ ಕೊನೇ ಗಾಳಿ ಹೋಗೋವರೆಗೂ ಸುಯ್ ಅನ್ನೋ ಹಾಗೆ” ಎಂದೆ. ಆ ಅಜ್ಜಿಯೇ ಮೊದಲು ಒಡೆದರು. ಬೆಟ್ಟ ಬಂತು.

ಇನ್ನೊಂದು ಕಷ್ಟ ನನ್ನದೇ. ಊದುವಾಗ ಪಕ್ಕದಲ್ಲಿ ನಿಂತು ಕೂಗಬೇಕು: “ಬಿಡಿ ಬಿಡಿ ಬಿಡಿ, ನಿಲ್ಲಿಸಬೇಡಿ, ಇನ್ನೂ ಇದೆ, ಇನ್ನೂ ಇದೆ!” ನನಗೆ ಕೂಗುವುದು ಬರುವುದಿಲ್ಲ. ನಮ್ಮವರು ಹೋದ ದಿನವೂ ನಾನು ಜೋರಾಗಿ ಅಳಲಿಲ್ಲ, ಅದಕ್ಕೆ ನೆಂಟರು ಏನೇನೋ ಆಡಿಕೊಂಡರು. ನಮ್ಮ ಪರೀಕ್ಷೆಗಳ ಉಸ್ತುವಾರಿ ನೋಡುವ ಡಾಕ್ಟರಮ್ಮ ನನ್ನನ್ನು ಒಂದು ದಿನ ಪಕ್ಕಕ್ಕೆ ಕರೆದು ಹೇಳಿದ್ದರು: “ಊದೋದು ಅವರ ಶ್ವಾಸಕೋಶ, ಊದಿಸೋದು ನಿಮ್ಮ ಗಂಟಲು. ನೀವು ಮೆತ್ತಗಾದ್ರೆ ಅವರೂ ಮೆತ್ತಗಾಗ್ತಾರೆ. ಆಮೇಲೆ ಅದು ಅವರ ಕಾಯಿಲೆ ಅಂತ ಕಾಗದದ ಮೇಲೆ ಬರುತ್ತೆ. ತಪ್ಪು ನಿಮ್ದು ಅಂತ ಯಾರಿಗೂ ಗೊತ್ತಾಗಲ್ಲ.” ಆಮೇಲೆ ನಾನು ಕೂಗುವುದನ್ನು ಕಲಿತೆ. ಮನೆಯಲ್ಲಿ ಅಕ್ಕಿ ಡಬ್ಬದೊಳಗೆ ಮುಖ ಇಟ್ಟು ಕೂಗಿ ಕಲಿತೆ.

ಶಿಡ್ಲಘಟ್ಟದ ಶಿಬಿರಕ್ಕೆ ಮುಂಚೆ ಮನೆಮನೆಗೆ ಹೋಗಿ ಹೆಸರು, ಎತ್ತರ ಬರೆದುಕೊಳ್ಳಬೇಕಿತ್ತು. ಪಕ್ಕದ ಮನೆಗೂ ಹೋದೆ. ಗೋಡೆಗೆ ಟೇಪು ಹಿಡಿದು ಅವಳ ಗಂಡನ ಎತ್ತರ ನೋಡುವಾಗ ಅವಳು ನಕ್ಕಳು.

“ಹಿಮ್ಮಡಿ ಎತ್ತಿದ್ದಾರೆ ನೋಡಕ್ಕಾ. ಹೆಣ್ಣು ನೋಡಕ್ ಬಂದಾಗ್ಲೂ ಹಿಂಗೇ ನಿಂತಿದ್ರು. ತಾಳಿ ಕಟ್ಟೋವಾಗ ನೋಡ್ತೀನಿ, ನನ್ನಷ್ಟೇ ಇದ್ದಾರೆ!”

ಅವರೂ ನಕ್ಕರು. ನಗು ಕೆಮ್ಮಾಯಿತು. ಅವಳು ಮಾತು ನಿಲ್ಲಿಸದೆಯೇ ಕೈ ಚಾಚಿ ಅವರ ಬೆನ್ನು ತಟ್ಟಿದಳು. ಮಾಡುತ್ತಿರುವುದು ಏನೆಂದು ನೋಡಲೂ ಇಲ್ಲ, ಅಷ್ಟು ರೂಢಿ. ನಾನು ನೂರಾ ಅರವತ್ತಮೂರು ಸೆಂಟಿಮೀಟರ್ ಎಂದು ಬರೆದುಕೊಂಡೆ.

ಹೊರಡುವಾಗ ಅವಳು ಬಾಗಿಲವರೆಗೂ ಬಂದಳು.

“ಅಕ್ಕಾ, ಎಷ್ಟು ಬರ್ಬೇಕು?”

“ಅದು ಹೇಳೋ ಹಾಗಿಲ್ಲ ಕಣೇ.”

“ಅಳೆಯೋಳು ನೀನೇ ಅಲ್ವಾ. ಎಲ್ಲಾ ನಿನ್ ಕೈಲೇ ಇದೆ.”

“ನನ್ ಕೈಲೇನಿದೆ? ಅವರ ಎದೇಲಿರೋದು.”

ಅವಳ ಮುಖ ಸಣ್ಣದಾಯಿತು. ಅವರು ಕೆಲಸವಿಲ್ಲದೆ ಕೂತು ಎಷ್ಟು ಕಾಲವಾಗಿತ್ತೆಂದು ನನಗೆ ಗೊತ್ತಿತ್ತು. ಅವಳೊಬ್ಬಳೇ ಯಾರದೋ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕಟಾವಿಗೆ ಹೋಗುತ್ತಿದ್ದಳು. ಈ ಕೆಲಸ ಸಿಗದಿದ್ದರೆ ಅವರು ಹಾಸಿಗೆ ಹಿಡಿದುಬಿಡುತ್ತಾರೆ ಎಂಬ ಭಯ ಅವಳಿಗಿತ್ತು. ಹೇಗೂ ಬದುಕಿ ಬಂದ ಗಂಡ, ಇನ್ನೇನು ಬೇಕು ಇವಳಿಗೆ ಎಂದು ನಾನು ಅಂದುಕೊಂಡೆ.

ಶಿಡ್ಲಘಟ್ಟದ ಶಿಬಿರ ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ. ಎಲ್ಲರಿಗೂ ಮಾಸ್ಕ್ ಕಡ್ಡಾಯ, ಊದುವಾಗ ಮಾತ್ರ ತೆಗೆಯಬೇಕು. ಅವಳ ಗಂಡನ ಹೆಸರು ಕರೆದಾಗ ಮಾಸ್ಕ್ ಹಾಕಿದ ಒಬ್ಬರು ಎದ್ದು ಬಂದರು. ಪಕ್ಕದಲ್ಲಿ ಅವಳು, ತಲೆ ತಗ್ಗಿಸಿ. ಅಂಗಿ ಅವಳ ಗಂಡನದೇ, ಹಗ್ಗದ ಮೇಲೆ ನಾನು ದಿನಾ ನೋಡುವ ನೀಲಿ ಗೀರಿನದು. ಆದರೆ ತೋಳು ಮಣಿಕಟ್ಟಿಗಿಂತ ಮೇಲಿತ್ತು. ಎತ್ತರ ನೋಡಿದೆ. ನೂರಾ ಅರವತ್ತೆಂಟು.

ಮಾಸ್ಕ್ ತೆಗೆದರು. ಅದೇ ಮೂಗು, ಅದೇ ಹುಬ್ಬು. ಅವಳ ಗಂಡನ ಅಣ್ಣ. ಮುರುಗಮಲ್ಲದ ಕಡೆ ಹಳ್ಳಿಯಲ್ಲಿ ವ್ಯವಸಾಯ ಮಾಡುವವರು. ಹಬ್ಬಕ್ಕೆ ಬಂದಾಗ ಒಂದೆರಡು ಸಲ ನೋಡಿದ್ದೆ. ಹಿಂದೆ ಸಾಲು ಉದ್ದ ಇತ್ತು. ನಾನು ಮೂಗಿಗೆ ಕ್ಲಿಪ್ ಹಾಕಿದೆ, ಕೂಗಿದೆ, ಅವರು ಊದಿದರು. ಹೊಲದಲ್ಲಿ ದುಡಿದ ಎದೆ. ಅಷ್ಟು ಚೆಂದದ ಬೆಟ್ಟವನ್ನು ನಾನು ಆ ಶಿಬಿರದಲ್ಲಿ ನೋಡಿರಲಿಲ್ಲ. ಮೂರು ಸಲವೂ ಒಂದೇ ಥರ.

ಊಟದ ಹೊತ್ತಿಗೆ ಅವಳೇ ಬಂದು ನನ್ನ ಪಕ್ಕ ಕೂತಳು.

“ಗೊತ್ತಾಯ್ತಲ್ವಾ ನಿಂಗೆ?”

“ಗೊತ್ತಾಗ್ದೆ ಇರುತ್ತಾ? ಐದು ಸೆಂಟಿಮೀಟರ್ ಬೆಳೆದಿದ್ದಾರೆ ನಿಮ್ಮೆಜಮಾನ್ರು.”

“ಭಾವನೋರು ಪಾಪ, ಬೆಳಿಗ್ಗೆ ಮೊದಲ್ನೇ ಬಸ್ಸಿಗೇ ಬಂದ್ರು. ನೀರು ಕಟ್ಟೋ ಕೆಲ್ಸ ಬಿಟ್ಟು.” ಅವಳಿಗೆ ನಾಚಿಕೆಯೇ ಇರಲಿಲ್ಲ. “ಅದ್ರಲ್ಲೇನಕ್ಕಾ? ಮಾರ್ಕೆಟ್ಟಲ್ಲಿ ಅಣ್ಣನ ಗೂಡು ತಮ್ಮನ ಹೆಸ್ರಲ್ಲಿ ಹರಾಜಾಗಲ್ವಾ? ಯಾರು ಕೇಳ್ತಾರೆ? ಅಣ್ಣ ಊದಿದ್ರೇನು, ತಮ್ಮ ಊದಿದ್ರೇನು. ಒಂದೇ ತಾಯಿ ಮಕ್ಕಳ ಉಸಿರು.”

ಅವಳು ನಿಜವಾಗಿ ಹಾಗೇ ನಂಬಿದ್ದಳು. ನಮ್ಮ ಕಡೆ ಒಂದು ಮನೆಯ ಬೆಳೆ ಇನ್ನೊಂದು ಮನೆಯ ಹೆಸರಲ್ಲಿ ಮಾರುಕಟ್ಟೆಗೆ ಹೋಗುವುದು ಮೋಸವಲ್ಲ, ಸಹಾಯ. ನಾನು ಅನ್ನ ಕಲಸಿದೆ. ಆದರೆ ಒಳಗೆ ಎದ್ದದ್ದು ನ್ಯಾಯ ಅನ್ಯಾಯದ ಯೋಚನೆಯಲ್ಲ. ಅವಳಿಗೆ ಗಂಡನೂ ಇದ್ದಾರೆ. ಗಂಡನ ಉಸಿರು ಸಾಲದೆ ಹೋದರೆ ಹೊಲ ಬಿಟ್ಟು ಮೊದಲ ಬಸ್ಸಿಗೆ ಬಂದು ತನ್ನ ಉಸಿರು ಕೊಡುವ ಭಾವನೂ ಇದ್ದಾರೆ. ನಮ್ಮವರು ಆಸ್ಪತ್ರೆಯ ಬೆಂಚಿನ ಮೇಲೆ ಒಂದೊಂದು ಉಸಿರಿಗೂ ಭುಜ ಎತ್ತುತ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ನನ್ನ ಎದೆ ತುಂಬ ಉಸಿರಿತ್ತು. ಅದರಲ್ಲಿ ಒಂದು ಹಿಡಿಯನ್ನೂ ಅವರಿಗೆ ಕೊಡುವ ಹಾಗಿರಲಿಲ್ಲ.

ನಾಲ್ಕು ಗಂಟೆಗೆ, ಹೊಸ ಘಟಕಕ್ಕೆ ಪಟ್ಟಿ ಹೋಗುವ ಮುಂಚೆ, ಎರಡೂ ಎತ್ತರ ಬರೆದ ಕಾಗದ ತೆಗೆದುಕೊಂಡು ಡಾಕ್ಟರಮ್ಮನ ಮುಂದೆ ಇಟ್ಟೆ. ಅವರು ನೋಡಿ, “ಒಳ್ಳೇ ಕೆಲಸ ಮಾಡಿದ್ರಿ. ಆ ಹಬೆ ಕೋಣೆಗೆ ಹೋಗಿದ್ರೆ ಆ ಮನುಷ್ಯ ಆರು ತಿಂಗಳು ತಡೀತಿರಲಿಲ್ಲ” ಎಂದರು. ಅದು ಖಂಡಿತ ನಿಜ. ಆದರೆ ನಾನು ಅದಕ್ಕಾಗಿ ಹೇಳಿರಲಿಲ್ಲ. ಸರಿಯಾದ ಕೆಲಸವನ್ನೇ ಕೆಟ್ಟ ಮನಸ್ಸಿನಿಂದ ಮಾಡಿದ್ದೆ. ಹೊಗಳಿಕೆ ಕೇಳಿ ತಲೆಯಾಡಿಸಿದೆ.

ಡಾಕ್ಟರಮ್ಮ ಅವಳ ಗಂಡನನ್ನು ಪೂರ್ತಿ ಕೈಬಿಡಲಿಲ್ಲ. ಒಂದು ವಾರ ಇನ್ಹೇಲರ್‌ನಲ್ಲಿ ಔಷಧಿ ಸೇದಲು ಕೊಟ್ಟು, ಆಮೇಲೆ ಚಿಕ್ಕಬಳ್ಳಾಪುರದ ನಮ್ಮ ಕೇಂದ್ರಕ್ಕೆ ಬಂದು ಖುದ್ದು ಊದಲಿ, ಒಣ ವಿಭಾಗದ ಗೆರೆ ದಾಟಿದರೂ ಸಾಕು ಎಂದರು. ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಅವಳು ನನಗಾಗಿ ಕಾದಿದ್ದಳು.

“ಏನ್ ಮೇಡಮ್ಮೋರೇ, ಬಿಂದಿಗೆ ನೀವೇ ಎತ್ಕೊತೀರಾ? ಆಳು ಬರಲ್ವಾ?”

“ಆ ಹಬೆ ಅವರಿಗೆ ಆಗಲ್ಲ ಕಣೇ.”

“ಮನೇಲಿ ಕೂತು ಸಾಯೋದು ಆಗುತ್ತಾ? ಎಂಟು ವರ್ಷ ಒಂದೇ ಡಬ್ಬೀಲಿ ಉಂಡ್ವಿ. ಒಂದು ಮಾತು ನುಂಗಕ್ಕಾಗ್ಲಿಲ್ವಾ ನಿಂಗೆ?” ಸಿಟ್ಟು ಬಂದರೆ ಅವಳಿಗೆ ತವರಿನ ತೆಲುಗು ಬರುತ್ತದೆ. “ನೀಕೇಮಿ ಪೋಯಿಂದಿ? ಆ? ನೀಕೇಮಿ ಪೋಯಿಂದಿ?”

ನಿನಗೇನು ಹೋಯಿತು ಎಂದು ಕೇಳಿದ್ದಳು. ಕೇಳಿದ ಮೇಲೆ ಅವಳಿಗೇ ತಟ್ಟಿತು. ನಲ್ಲಿಯ ನೀರು ಅವಳ ಬಿಂದಿಗೆ ತುಂಬಿ ಚೆಲ್ಲುತ್ತಿತ್ತು. ಇಬ್ಬರೂ ಅದನ್ನು ನೋಡುತ್ತ ನಿಂತೆವು. ಆಮೇಲೆ ಅವಳು ಬಿಂದಿಗೆ ಎತ್ತಿಕೊಂಡು ಹೋದಳು.

ಮುಂದಿನ ವಾರ ಅವರಿಬ್ಬರೂ ಚಿಕ್ಕಬಳ್ಳಾಪುರಕ್ಕೆ ಬಂದರು. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದೆ. ಕೋಣೆಯಲ್ಲಿ ನಾನು, ಅವಳ ಗಂಡ ಇಬ್ಬರೇ. ಉಸಿರುಕೊಳವೆ ಅಗಲವಾಗಲೆಂದು ನಾಲ್ಕು ಸಲ ಔಷಧಿ ಸೇದಿಸಿ, ನಿಯಮದ ಪ್ರಕಾರ ಹದಿನೈದು ನಿಮಿಷ ಕಾದೆವು. ಅವರು ಗೋಡೆಯ ಗಡಿಯಾರ ನೋಡುತ್ತ, “ಅಣ್ಣನ್ನ ಕಳಿಸಬಾರ್ದಿತ್ತು ಅಕ್ಕ. ನಾನು ಬೇಡ ಅಂದೆ. ಇವಳು ಕೇಳಲಿಲ್ಲ” ಎಂದರು. ಇವಳು ಎನ್ನುವಾಗ ಅವರ ಮುಖದಲ್ಲಿ ಬಂದ ಮೆತ್ತಗಿನ ಭಾವ ನೋಡಿ ನಾನು ಯಂತ್ರದ ಕಡೆ ತಿರುಗಿದೆ.

ಮೊದಲ ಸಲ ಕೆಮ್ಮು ಬಂತು. ಎರಡನೇ ಸಲ ಅವರು ಊದುವಾಗ ನನ್ನ ದನಿ ನನಗೇ ಕೇಳಿಸಿತು. “ಬಿಡಿ, ಬಿಡಿ, ಇನ್ನೂ ಇದೆ.” ಮಾತೆಲ್ಲ ಸರಿಯಾಗಿಯೇ ಇತ್ತು. ಆದರೆ ಪಕ್ಕದಲ್ಲಿ ಕೂತವರೊಡನೆ ಮಾತಾಡುವ ದನಿ. ಅವರ ಅಣ್ಣನಿಗೆ ಹಾಲ್ ಅದುರುವ ಹಾಗೆ ಕೂಗಿದವಳು ನಾನೇ. ಗೊತ್ತಾದ ಮೇಲೂ ದನಿ ಏರಿಸಲಿಲ್ಲ. ಮೂರನೇ ಸಲ, ನಾಲ್ಕನೇ ಸಲ. ಅವರು ಪ್ರತಿ ಸಲವೂ, “ಇನ್ನೊಂದ್ ಸಲ ನೋಡಣ ಅಕ್ಕ” ಎನ್ನುತ್ತಿದ್ದರು. ಅವರ ಹಣೆಯ ನರ ಉಬ್ಬಿತ್ತು. ಕಣ್ಣು ನನ್ನ ಮೇಲೆ, ಇನ್ನೂ ಊದಲೋ ನಿಲ್ಲಿಸಲೋ ಎಂದು ಕೇಳುವ ಹಾಗೆ. ನಾನು ಅದೇ ದನಿಯಲ್ಲಿ ಹೇಳುತ್ತ ಹೋದೆ. ಎಂಟು ಸಲ ಮುಗಿಯಿತು. ಅದರಲ್ಲಿ ಮೂರನ್ನು ಆರಿಸಿ ಒಪ್ಪಿದೆನೆಂದು ಒತ್ತಿದೆ. ಕಾಗದ ಹೊರಗೆ ಬಂತು. ಒಣ ವಿಭಾಗದ ಗೆರೆಗೂ ಕೆಳಗೆ.

ಅವರು ಕಾಗದ ಹಿಡಿದು ತುಂಬ ಹೊತ್ತು ನೋಡಿದರು. “ಅದಕ್ಕೇ ಮೆಟ್ಟಿಲು ಹತ್ತಕ್ಕಾಗಲ್ಲ ನಂಗೆ” ಎಂದರು, ಯಾವುದೋ ಸಂಶಯ ಬಗೆಹರಿದವರ ಹಾಗೆ.

ಮಧ್ಯಾಹ್ನದ ಶಿಡ್ಲಘಟ್ಟ ಬಸ್ಸಿನಲ್ಲಿ ಅವರಿಬ್ಬರೂ ನನಗಿಂತ ಎರಡು ಸೀಟು ಮುಂದೆ ಕೂತಿದ್ದರು. ಗಂಡನ ತೊಡೆಯ ಮೇಲೆ ಒಂದು ಚೀಲವಿತ್ತು, ಪೇಟೆಯಲ್ಲಿ ಏನೋ ಕೊಂಡದ್ದು. ಅವಳು ಅದರ ಹಿಡಿಗೆ ಕೈ ಹಾಕಿದಳು.

“ಕೊಡಿ ಇಲ್ಲಿ.”

“ಇರಲಿ ಬಿಡೇ. ಏನ್ ಭಾರ ಇದೆ?”

“ಕಾಗದದಲ್ಲಿ ಬಂದಿದೆಯಲ್ಲ ನೋಡಿದ್ರಲ್ಲ. ನಿಮ್ ಕೈಲಾಗಲ್ಲ, ಕೊಡಿ.”

ಬೆಳಿಗ್ಗೆ ಇದೇ ಮನುಷ್ಯ ಬಸ್ ನಿಲ್ದಾಣದಿಂದ ನಡೆದು ಬಂದಿದ್ದರು. ಈಗ ಚೀಲ ಕೊಟ್ಟರು. ಕೊಟ್ಟು ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು, ಆ ಕೈಗೆ ಇನ್ನು ಕೆಲಸವಿಲ್ಲ ಎನ್ನುವ ಹಾಗೆ. ಅವಳು ಬೈಯಲಿಲ್ಲ. ಅವಳು ಬೈಯದೆ ಇರುವುದನ್ನು ನಾನು ಅದೇ ಮೊದಲು ನೋಡಿದ್ದು. ರೋಗಿಯೊಡನೆ ಮಾತಾಡುವ ಹಾಗೆ ಮೆಲ್ಲಗೆ, “ನೀರು ಕುಡೀತೀರಾ?” ಎಂದು ಕೇಳಿದಳು.

ನನ್ನ ಅಂಕಿಯನ್ನು ಅವರಿಬ್ಬರೂ ನಂಬಿದ ಹಾಗಿತ್ತು. ನಾನು ಅವಳಿಂದ ಕಿತ್ತುಕೊಳ್ಳಬೇಕೆಂದಿದ್ದದ್ದು ಇದನ್ನೇ ಇರಬೇಕು, ಗೋಡೆಯಾಚೆಯ ಆ ಬೈಗುಳವನ್ನು. ಸಿಕ್ಕಿತ್ತು. ಸಿಕ್ಕಿದರೂ ಅದರಿಂದ ನನಗೇನೂ ಹಿತವಾಗಲಿಲ್ಲ.

ಮುಂದಿನ ನಿಲ್ದಾಣದಲ್ಲಿ ಇಳಿದುಬಿಟ್ಟೆ. ಎದುರು ಬಂದ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ವಾಪಸು ಹೋದೆ. ಡಾಕ್ಟರಮ್ಮ ಬೀಗ ಹಾಕಿಸುತ್ತಿದ್ದರು.

“ಬೆಳಗಿನ ಪರೀಕ್ಷೆ ಸರಿಯಿಲ್ಲ ಡಾಕ್ಟ್ರಮ್ಮ. ನಾನು ಅವರನ್ನ ಸರಿಯಾಗಿ ಊದಿಸಲಿಲ್ಲ.”

“ಅಂದ್ರೆ?”

“ಮೆತ್ತಗೆ ಹೇಳಿದೆ.”

“ಹೇಗೆ? ಹೇಳಿ ತೋರಿಸಿ.”

ನಾನು ಹೇಳಿ ತೋರಿಸಿದೆ. ಆ ಖಾಲಿ ವರಾಂಡದಲ್ಲಿ ಅದು ಜೋಗುಳದ ಹಾಗೆ ಕೇಳಿಸಿತು. ಡಾಕ್ಟರಮ್ಮ ಕನ್ನಡಕ ತೆಗೆದರು.

“ಹುಷಾರಿರಲಿಲ್ವಾ ನಿಮಗೆ?”

“ಹುಷಾರಾಗಿದ್ದೆ. ಹೊಟ್ಟೆಕಿಚ್ಚು.”

ಆಟೋದ ಕಥೆಯನ್ನೂ ಹೇಳಿದೆ. ಅವರು ಅಯ್ಯೋ ಎನ್ನಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಕೊನೆಗೆ ಒಂದೇ ಕೇಳಿದರು: “ಬೇರೆ ಯಾರಿಗಾದ್ರೂ ಹೀಗೆ ಮಾಡಿದ್ದೀರಾ?”

ಇಲ್ಲ ಎನ್ನುವ ಹಾಗಿರಲಿಲ್ಲ. ಬೇಕೆಂದೇ ಮಾಡಿರಲಿಲ್ಲ. ಆದರೆ ಅಂದು ಬೇಕೆಂದು ಮಾಡುವ ಮೊದಲೂ ದನಿ ತಾನಾಗಿಯೇ ಇಳಿದಿತ್ತಲ್ಲ. ಕೂತು ಎರಡು ತಿಂಗಳ ಕಾಗದಗಳನ್ನು ತೆಗೆದೆವು. ಹೆಂಡತಿಯ ಜೊತೆ ಬಂದ ಗಂಡಸರು ಯಾರ್ಯಾರು, ಅವರಲ್ಲಿ ಗೆರೆಗಿಂತ ಸ್ವಲ್ಪವೇ ಕೆಳಗಿದ್ದವರು ಯಾರು ಎಂದು ನಾನೇ ನೆನಪು ಮಾಡಿಕೊಂಡು ಬರೆದೆ. ಎಂಟು ಹೆಸರು ಬಂದವು. ಅವಳ ಗಂಡನದು ಸೇರಿ ಒಂಬತ್ತು. ಅಷ್ಟು ಜನರ ಮುಖವೂ, ಪಕ್ಕದಲ್ಲಿ ನಿಂತಿದ್ದವರ ಮುಖವೂ ನನಗೆ ನೆನಪಿತ್ತು. ಡಾಕ್ಟರಮ್ಮ ಕೇಳಿದ್ದಕ್ಕೆ ಅದೇ ಉತ್ತರವಾಯಿತು.

“ಎಲ್ಲರನ್ನೂ ವಾಪಸು ಕರೆಸಿ. ನೀವೇ ಊದಿಸ್ಬೇಕು,” ಡಾಕ್ಟರಮ್ಮ ಹೇಳಿದರು. “ನಾನು ಕೋಣೇಲಿರ್ತೀನಿ. ಇನ್ನು ಮೂರು ತಿಂಗಳು ನೀವು ಒಬ್ಬರೇ ಯಾರನ್ನೂ ಪರೀಕ್ಷೆ ಮಾಡೋ ಹಾಗಿಲ್ಲ. ಸರ್ಟಿಫಿಕೇಟು ಆಮೇಲೆ ನೋಡಣ.”

ಅವಳ ಮನೆಗೆ ಹೋಗಿ ನಾನೇ ಹೇಳಬೇಕಾಯಿತು. ಬಾಗಿಲಲ್ಲೇ ನಿಂತು, “ಯಂತ್ರದ್ದಲ್ಲ, ಅವರದ್ದೂ ಅಲ್ಲ, ತಪ್ಪು ನನ್ನದು, ಬೇಕಂತಲೇ ಮಾಡಿದೆ” ಎಂದೆ. “ನಂಗೆ ಗೊತ್ತಿತ್ತು ಕಣಕ್ಕಾ” ಎಂದಳು ಅವಳು. “ಹೊರಗೆ ಕೂತಿದ್ನಲ್ಲ. ಬೇರೆಯವ್ರಿಗೆ ನೀನ್ ಕೂಗೋದು ರಸ್ತೆವರೆಗೂ ಕೇಳುತ್ತೆ. ಅವತ್ತು ಏನೂ ಕೇಳ್ಸಲಿಲ್ಲ.” ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಬಾಗಿಲು ಮೆಲ್ಲಗೆ ಹಾಕಿಕೊಂಡಳು.

ಎರಡು ದಿನದ ಮೇಲೆ ಅವರಿಬ್ಬರೂ ಬಂದರು. ಬೆಳಿಗ್ಗೆ ಸಿರಿಂಜು ತಳ್ಳಿದಾಗ ಯಂತ್ರ ಮೂರು ಲೀಟರ್ ತೋರಿಸಿತು. ಡಾಕ್ಟರಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತರು. ಔಷಧಿ, ಹದಿನೈದು ನಿಮಿಷ, ಕ್ಲಿಪ್, ಕೊಳವೆ. ಅವರು ಉಸಿರು ಎಳೆದುಕೊಂಡರು. ನಾನೂ ಎಳೆದುಕೊಂಡೆ.

“ಬಿಡಿ! ಬಿಡಿ ಬಿಡಿ ಬಿಡಿ ಬಿಡಿ! ನಿಲ್ಲಿಸಬೇಡಿ, ಇದೆ, ಇನ್ನೂ ಇದೆ, ನಂಗೊತ್ತು ಇದೆ, ಕೈಬಿಡಬೇಡಿ, ಕೈಬಿಡಬೇಡಿ!”

ಏನೋ ಆಗಿಹೋಯಿತೆಂದು ಅವಳು ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಯಾರೂ ಅವಳನ್ನು ಹೊರಗೆ ಕಳಿಸಲಿಲ್ಲ. ನಾಲ್ಕನೇ ಸೆಕೆಂಡಿಗೆ ಅವರ ಕಣ್ಣು ನಿಲ್ಲಿಸಲೇ ಎಂದು ಕೇಳಿತು. ನಾನು ಬಗ್ಗಿ ಅವರ ಕಿವಿಯ ಹತ್ತಿರ ಕೂಗಿದೆ. ಐದು, ಆರು, ಏಳು. ಪರದೆಯ ಮೇಲಿನ ಬೆಟ್ಟ ಇಳಿಯುತ್ತಲೇ ಇತ್ತು, ಆದರೆ ನಿಲ್ಲಲಿಲ್ಲ. ಎರಡು ಸಲ ಕೆಮ್ಮಿ ಕೆಟ್ಟಿತು. ಐದು ಸಲಕ್ಕೆ ಮೂರು ಒಳ್ಳೆಯವು ಸಿಕ್ಕವು.

ಗೂಡು ಬೇಯಿಸುವ ಕೋಣೆಯ ಗೆರೆಗೆ ತುಂಬ ಕೆಳಗೆ. ಒಣ ವಿಭಾಗದ ಗೆರೆಗೆ ಕೂದಲೆಳೆಯಷ್ಟು ಮೇಲೆ. ಡಾಕ್ಟರಮ್ಮ ಕಾಗದವನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದರು, ಸಹಿ ಹಾಕಿದರು.

ಅವಳು ಕಾಗದ ನೋಡಿದಳು, ಗಂಡನನ್ನು ನೋಡಿದಳು. ಸೆರಗಿನಿಂದ ಅವರ ಹಣೆಯ ಬೆವರನ್ನು ಒರಟಾಗಿ ಉಜ್ಜಿದಳು.

“ಇಷ್ಟು ಉಸಿರು ಮಡಿಕ್ಕೊಂಡು ಮನೇಲಿ ಒಂದು ಬಿಂದಿಗೆ ನೀರು ತರಕ್ಕೆ ಆಗಲ್ಲ ಅಂತಿದ್ರಲ್ಲ! ಎಲ್ಲಾ ನಾಟ್ಕ. ಏಳಿ, ಎದ್ದೇಳಿ ಮೇಲೆ. ಈ ಚೀಲ ಯಾರು ಹೊರ್ತಾರೆ, ನಿಮ್ಮಪ್ಪನಾ?”

ಅವರು ಎದ್ದು ಚೀಲ ತೆಗೆದುಕೊಂಡರು. ಡಾಕ್ಟರಮ್ಮ ನಕ್ಕರು. ನಾನು ನಗಲಿಲ್ಲ. ಅವಳ ಮೇಲಿನ ಹೊಟ್ಟೆಕಿಚ್ಚು ಎಲ್ಲೂ ಹೋಗಿರಲಿಲ್ಲ, ಬದಲಿಗೆ ಸ್ಪಷ್ಟವಾಗಿತ್ತು. ನನಗೂ ಒಬ್ಬರನ್ನು ಹಾಗೆ ಬೈಯಬೇಕಿತ್ತು, ಎಲ್ಲರ ಮುಂದೆ, ಅಷ್ಟು ಜೋರಾಗಿ.

ಅವಳು ಹೋಗುವಾಗ ನನ್ನ ಕಡೆ ನೋಡಲಿಲ್ಲ. ನಾನು ಹಳೆಯ ಕೊಳವೆ ಬಿಸಾಡಿ ಹೊಸದು ಸಿಕ್ಕಿಸಿದೆ. ಗಂಟಲು ಉರಿಯುತ್ತಿತ್ತು, ಒಂದು ಗುಟುಕು ನೀರು ಕುಡಿದೆ. ವಾಪಸು ಕರೆಸಿದವರಲ್ಲಿ ಇನ್ನೂ ಎಂಟು ಜನ ಇದ್ದರು. ಎರಡನೆಯವರ ಹೆಸರು ಕೂಗಿದೆ. ಹೊರಗಿನ ಬೆಂಚಿನಿಂದ ಅವರಿಗಿಂತ ಮೊದಲು ಅವರ ಹೆಂಡತಿ ಎದ್ದು ನಿಂತಳು.